ಎದೆಯ ಬಾಣ ಮತ್ತು ಗಂಡಸಿನ ಮೌನ

☸️ *ದಿನದ ಧಮ್ಮ ಚಿಂತನೆ* ☸️

ಇವತ್ತಿನ ಚಿಂತನೆಗೆ ಆರಿಸಿಕೊಂಡಿರುವುದು ಅಂಗುತ್ತರ ನಿಕಾಯದ ಐದರ ನಿಪಾತದಲ್ಲಿ ಬರುವ ನಾರದ ಸುತ್ತ. ನಾರದ ಎಂದ ಕೂಡಲೇ ತಂಬೂರಿ ಹಿಡಿದು ಮೂರು ಲೋಕ ಸುತ್ತುವ ಪುರಾಣದ ನಾರದರನ್ನು ನೆನೆಯಬೇಡಿ. ಇವರು ಪಾಟಲಿಪುತ್ತದ ಕುಕ್ಕುಟಾರಾಮದಲ್ಲಿ ವಾಸವಾಗಿದ್ದ ಒಬ್ಬ ಭಿಕ್ಖು. ಇಂದಿನ ಸಂದೇಶ ದಿನಕ್ಕಿಂತ ಉದ್ದವಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವವರು ಸಂಜೆ ಬಂದು ನಿಧಾನವಾಗಿ ಓದಿ. ವಿಶೇಷವಾಗಿ ಗಂಡಸರು ಓದಿ. ತಾಯಂದಿರೂ ಅಕ್ಕಂದಿರೂ ಓದಿ, ಮನೆಯಲ್ಲಿರುವ ಗಂಡಸರಿಗೆ ಗಟ್ಟಿಯಾಗಿ ಓದಿ ಹೇಳಿ.

*ಮುಂಡ ರಾಜನ ಕತೆ*

ಮಗಧದಲ್ಲಿ ಮುಂಡ ಎಂಬ ರಾಜನಿದ್ದ. ಅಜಾತಶತ್ರುವಿನ ವಂಶದವನು. ಅವನ ಪ್ರೀತಿಯ ರಾಣಿ ಭದ್ದಾ ತೀರಿಕೊಂಡಳು. ರಾಜ ಸ್ನಾನ ಬಿಟ್ಟ, ಊಟ ಬಿಟ್ಟ, ರಾಜ್ಯದ ಕೆಲಸ ಬಿಟ್ಟ. ಹಗಲೂ ರಾತ್ರಿ ರಾಣಿಯ ದೇಹದ ಮೇಲೆಯೇ ಅವನ ಮನಸ್ಸು. ಬೊಕ್ಕಸ ನೋಡಿಕೊಳ್ಳುತ್ತಿದ್ದ ಪಿಯಕನನ್ನು ಕರೆದು, ದೇಹವನ್ನು ಎಣ್ಣೆ ತುಂಬಿದ ಕಬ್ಬಿಣದ ಕೊಪ್ಪರಿಗೆಯಲ್ಲಿಟ್ಟು ಮೇಲೆ ಇನ್ನೊಂದು ಕೊಪ್ಪರಿಗೆ ಮುಚ್ಚಿಸು, ಇನ್ನಷ್ಟು ದಿನ ಅವಳನ್ನು ನೋಡಬೇಕು ಎಂದ. ಪಿಯಕ ಹಾಗೆಯೇ ಮಾಡಿದ.

ಆಮೇಲೆ ಪಿಯಕ ಮಾಡಿದ್ದೇನು ಎಂಬುದನ್ನು ಗಮನಿಸಬೇಕು. ರಾಜನಾಗಿ ಹೀಗೆ ಕೂರಬಹುದೇ ಎಂದು ಛೇಡಿಸಲಿಲ್ಲ. ಇನ್ನೊಬ್ಬ ರಾಣಿಯನ್ನು ತಂದರೆ ಸರಿಹೋಗುತ್ತಾನೆ ಎಂದು ಹೆಣ್ಣು ನೋಡಲು ಹೊರಡಲಿಲ್ಲ. ಈತನ ಎದೆಯ ಬಾಣವನ್ನು ಯಾರ ಮಾತು ಕೀಳಬಲ್ಲದು ಎಂದು ಯೋಚಿಸಿದ. ನಾರದರ ಹೆಸರು ಹೊಳೆಯಿತು. ರಾಜನಿಗೆ ಹೇಳಿದ. ರಾಜ ಒಪ್ಪಿದ, ಆದರೆ ಮೊದಲು ಅವರಿಗೆ ತಿಳಿಸಿ ಬಾ, ಹೇಳದೆ ಕೇಳದೆ ಹೋಗುವುದು ಸರಿಯಲ್ಲ ಎಂದ. ಪಿಯಕ ಕುಕ್ಕುಟಾರಾಮಕ್ಕೆ ಹೋಗಿ ಸಮಯ ಕೇಳಿಕೊಂಡು ಬಂದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬಂದ. ರಥ ಹೂಡಿಸಿ ರಾಜನನ್ನು ಕಳಿಸಿಕೊಟ್ಟ.

ನಾರದರು ರಾಜನಿಗೆ ಐದು ವಿಷಯ ಹೇಳಿದರು. ಮುಪ್ಪಾಗುವುದು ಮುಪ್ಪಾಗದಿರಲಿ, ರೋಗ ಬರುವುದಕ್ಕೆ ರೋಗ ಬಾರದಿರಲಿ, ಸಾಯುವುದು ಸಾಯದಿರಲಿ, ಕ್ಷಯಿಸುವುದು ಕ್ಷಯಿಸದಿರಲಿ, ನಾಶವಾಗುವುದು ನಾಶವಾಗದಿರಲಿ ಎಂದು ಬಯಸಿದರೆ ಅದು ಈ ಲೋಕದಲ್ಲಿ ಯಾರಿಗೂ ದಕ್ಕುವುದಿಲ್ಲ. ಈ ನೋವು ನನ್ನೊಬ್ಬನದೇ ಅಲ್ಲ, ಹುಟ್ಟಿ ಬಂದವರೆಲ್ಲರದು ಎಂದು ಕಾಣಬಲ್ಲವನ ಎದೆಯಿಂದ ಬಾಣ ಹೊರಬರುತ್ತದೆ. ರಾಜ ಕೇಳಿದ: ಭಂತೇ, ಈ ಉಪದೇಶದ ಹೆಸರೇನು? ನಾರದರು ಹೇಳಿದರು: ಸೋಕಸಲ್ಲಹರಣ. ಅಂದರೆ ದುಃಖದ ಬಾಣವನ್ನು ಕೀಳುವುದು. ರಾಜ ಅರಮನೆಗೆ ಬಂದು ರಾಣಿಯ ಅಂತ್ಯಸಂಸ್ಕಾರ ಮಾಡಿಸಿ ಸ್ತೂಪ ಕಟ್ಟಿಸಲು ಹೇಳಿದ. ಇಂದಿನಿಂದ ಸ್ನಾನ ಮಾಡುತ್ತೇನೆ, ಊಟ ಮಾಡುತ್ತೇನೆ, ಕೆಲಸ ನೋಡುತ್ತೇನೆ ಎಂದ.

*ಕೀಳುವುದು ಬೇರೆ, ಮುಚ್ಚುವುದು ಬೇರೆ*

ಕನ್ನಡ ಮೇಷ್ಟರಾದ್ದರಿಂದ ಒಂದು ಪದದ ಬಗ್ಗೆ ಹೇಳುತ್ತೇನೆ. ಪಾಲಿಯ ಸಲ್ಲ, ಸಂಸ್ಕೃತದ ಶಲ್ಯ, ಎರಡೂ ಒಂದೇ. ಬಾಣದ ಮೊನೆ, ಮುಳ್ಳು, ಮೈಯೊಳಗೆ ಸೇರಿಕೊಂಡ ಯಾವುದೇ ಚೂಪಾದ ವಸ್ತು. ಹಿಂದಿನ ವೈದ್ಯರು ಅಂಥದನ್ನು ತೆಗೆಯುವ ವಿದ್ಯೆಗೆ ಶಲ್ಯತಂತ್ರ ಎನ್ನುತ್ತಿದ್ದರು. ಹೊಲದಲ್ಲಿ ಓಡಾಡುವ ನಮಗೆ ಇದು ಪುಸ್ತಕ ಓದದೆಯೂ ಗೊತ್ತು. ಜಾಲಿ ಮುಳ್ಳು ಹಿಮ್ಮಡಿಗೆ ಚುಚ್ಚಿ ಮುರಿದರೆ ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ನಮ್ಮ ಕೈಗೆ ಸಿಗುವುದಿಲ್ಲ. ಇನ್ನೊಬ್ಬರು ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಕಿಗೆ ಹಿಡಿದು, ಪಿನ್ನಿನಿಂದ ಬಿಡಿಸಿ, ಚಿಮಟದಿಂದ ಎಳೆಯಬೇಕು. ಎಳೆಯುವಾಗ ನೋಯುತ್ತದೆ. ನೋಯುತ್ತದೆಂದು ಹಾಗೆಯೇ ಚಪ್ಪಲಿ ಹಾಕಿಕೊಂಡು ನಡೆದರೆ ಕೀವು ಕಟ್ಟುತ್ತದೆ.

ನಾರದರು ಮಾಡಿದ್ದು ಹರಣ, ಅಂದರೆ ಕೀಳುವುದು. ನಮ್ಮ ಊರುಗಳಲ್ಲಿ ಗಂಡಸಿಗೆ ಕಲಿಸುವುದು ಮುಚ್ಚುವುದನ್ನು. ಹುಡುಗ ಬಿದ್ದು ಮಂಡಿ ತರಚಿಕೊಂಡರೆ ಮೊದಲ ಮಾತೇ "ಏನ್ಲಾ ಹೆಂಗಸ್ರಂಗೆ ಅಳ್ತೀಯೆ?" ಅಳುವ ಗಂಡಸನ್ನು ನಂಬಬಾರದು, ನಗುವ ಹೆಂಗಸನ್ನು ನಂಬಬಾರದು ಎಂಬ ಗಾದೆ ಬೇರೆ. ಆ ಗಾದೆ ಒಂದೇ ಏಟಿಗೆ ಇಬ್ಬರ ಬಾಯನ್ನೂ ಕಟ್ಟುತ್ತದೆ. ಸಾವಿನ ಮನೆಯಲ್ಲಿ ನೋಡಿ. ಹೆಂಗಸರು ತೀರಿಕೊಂಡವರ ಗುಣ ಹೇಳಿ ಹೇಳಿ ಅತ್ತು ಎದೆ ಹಗುರ ಮಾಡಿಕೊಳ್ಳುತ್ತಾರೆ. ಗಂಡಸರು ಸೌದೆ, ಗುಂಡಿ, ಶಾಮಿಯಾನ, ಲೆಕ್ಕ ಎಂದು ಓಡಾಡುತ್ತಾರೆ. ಹನ್ನೊಂದನೆಯ ದಿನ ಎಲ್ಲರೂ ಎದ್ದು ಹೋದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ? ಹಲವರು ಬ್ರಾಂದಿ ಅಂಗಡಿಗೆ. ಗಂಡಸು ಅತ್ತರೆ ಊರು ನಗುತ್ತದೆ, ಕುಡಿದರೆ "ಪಾಪ, ಏನೋ ನೋವು" ಎನ್ನುತ್ತದೆ. ಪಂಚಶೀಲದ ಐದನೆಯ ಶೀಲವನ್ನು ನಾವು ಪ್ರತಿ ಭಾನುವಾರ ಸ್ವೀಕರಿಸುತ್ತೇವೆ. ಆ ಶೀಲ ಮುರಿಯುವ ಜಾಗ ಎಷ್ಟೋ ಸಲ ಇದೇ.

ನಮ್ಮ ಸಾಹಿತ್ಯ ಇಷ್ಟು ಕಠಿಣವಾಗಿರಲಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ತಮ್ಮನನ್ನೂ ಗೆಳೆಯ ಕರ್ಣನನ್ನೂ ನೆನೆದು ಗೋಳಾಡುತ್ತಾನೆ. ಸಾವಿರ ವರ್ಷದಿಂದ ಅದನ್ನು ಓದುತ್ತಿದ್ದೇವೆ, ಅವನು ಗಂಡಸಲ್ಲ ಎಂದು ಯಾರೂ ಹೇಳಿಲ್ಲ. ಬುದ್ಧರ ಮಹಾಪರಿನಿಬ್ಬಾಣದ ಹೊತ್ತಿನಲ್ಲಿ ಆನಂದರು ವಿಹಾರದ ಒಳಗೆ ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ಅಳುತ್ತಿದ್ದರು. ಆನಂದ ಎಲ್ಲಿ ಎಂದು ಭಗವಾನರು ಕೇಳಿ ಕರೆಸಿಕೊಂಡರು. ಸಾಕು ಆನಂದ, ಶೋಕಿಸಬೇಡ ಎಂದರು, ನಿಜ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ಕಾಲ ಕಾಯಾ ವಾಚಾ ಮನಸಾ ಮೈತ್ರಿಯಿಂದ ನನ್ನ ಸೇವೆ ಮಾಡಿದ್ದೀಯ ಎಂದು ಹೇಳಿ, ಭಿಕ್ಖು ಸಂಘದ ಎದುರಿಗೆ ಅವರ ಗುಣಗಳನ್ನು ಹೊಗಳಿದರು. ಅಳುವವನನ್ನು ಹತ್ತಿರಕ್ಕೆ ಕರೆದು ಮಾತಾಡಿಸುವುದು ಬುದ್ಧರ ಕ್ರಮ.

*ಬಾಬಾಸಾಹೇಬರ ಕಣ್ಣೀರು*

ನಮ್ಮ ಯುವಕರ ಟೀ ಶರ್ಟಿನ ಮೇಲೆ, ಗಾಡಿಯ ಹಿಂದೆ, ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಇರುವ ಬಾಬಾಸಾಹೇಬರು ಸೂಟು ಧರಿಸಿ ಬೆರಳು ತೋರಿಸಿ ನಿಂತವರು. ಆ ಚಿತ್ರ ನಮಗೆ ಬೇಕು. ಅದೇ ಬಾಬಾಸಾಹೇಬರ ಇನ್ನೊಂದು ಚಿತ್ರವೂ ಬೇಕು.

1926ರ ಜುಲೈನಲ್ಲಿ ಅವರ ಮಗ ರಾಜರತ್ನ ತೀರಿಕೊಂಡ. ಅದಕ್ಕೂ ಮೊದಲು ಮೂವರು ಮಕ್ಕಳನ್ನು ಅವರೂ ರಮಾಬಾಯಿಯವರೂ ಮಣ್ಣು ಮಾಡಿದ್ದರು. ಮರುತಿಂಗಳು ಗೆಳೆಯ ದತ್ತೋಬಾ ಪವಾರರಿಗೆ ಬರೆದ ಪತ್ರದಲ್ಲಿ ಅವರು ಧೈರ್ಯದ ಮುಖವಾಡ ಹಾಕಲಿಲ್ಲ. ಈ ಪೆಟ್ಟಿನಿಂದ ತಾವಿಬ್ಬರೂ ಚೇತರಿಸಿಕೊಂಡಿಲ್ಲ, ಬಹುಶಃ ಎಂದಿಗೂ ಚೇತರಿಸಿಕೊಳ್ಳಲಾರೆವು ಎಂಬರ್ಥದಲ್ಲಿ ಬಿಚ್ಚಿ ಬರೆದರು. ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿದ್ದು 1927ರ ಮಾರ್ಚಿನಲ್ಲಿ, ಈ ಪತ್ರ ಬರೆದ ಏಳು ತಿಂಗಳಿಗೆ. ದುಃಖವನ್ನು ಗೆಳೆಯನಿಗೆ ಹೇಳಿಕೊಂಡದ್ದರಿಂದ ಅವರ ಹೋರಾಟ ಸೊರಗಲಿಲ್ಲ.

ಇನ್ನೊಂದು ಅವರದೇ ಆತ್ಮಕಥನದ ಬರಹ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದ ಹತ್ತಾರು ಜನ ಬಂದು ಹೊರಹಾಕಿದರು. ಹದಿನೆಂಟು ವರ್ಷಗಳಾದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತದೆ ಎಂದು ಅವರೇ ದಾಖಲಿಸಿದ್ದಾರೆ. ಆ ಹೊತ್ತಿಗೆ ಅವರು ಬ್ಯಾರಿಸ್ಟರ್, ದುಂಡು ಮೇಜಿನ ಪರಿಷತ್ತಿಗೆ ಹೋಗಿ ಬಂದ ನಾಯಕ. ಆದರೂ ಹಳೆಯ ಅವಮಾನ ಕಣ್ಣಲ್ಲಿ ನೀರು ತರಿಸುತ್ತದೆ ಎಂದು ಒಪ್ಪಿಕೊಂಡರು. ಜಾತಿಯ ಅವಮಾನ ಮೈಮೇಲಿನ ಗಾಯದಂತೆ ವಾರದಲ್ಲಿ ಮಾಯುವುದಿಲ್ಲ, ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

*ಮುಚ್ಚಿಟ್ಟದ್ದರ ಬೆಲೆ*

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು. ನೂರಕ್ಕೆ ಸುಮಾರು 72. ಒಟ್ಟು ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ದಿನಗೂಲಿಯವರು. ದಿನಗೂಲಿಯವರು ಎಂದರೆ ಯಾರು? ಕರಿಕಲ್ಲಿನ ಕ್ವಾರಿಗೆ ಹೋಗುವವರು, ಕೇರಳದ ಶುಂಠಿ ಹೊಲಕ್ಕೆ ಹೋಗುವವರು, ನಮ್ಮ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಗೇಟಿನ ಮುಂದೆ ಬೆಳಿಗ್ಗೆ ನಿಲ್ಲುವವರು. ನಮ್ಮ ಅಪ್ಪ, ಚಿಕ್ಕಪ್ಪ, ಭಾವ, ತಮ್ಮಂದಿರು. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ. ಆದರೆ ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿದ್ದರೆ ಅವರಲ್ಲಿ ಎಷ್ಟೋ ಜನ ಇವತ್ತು ನಮ್ಮ ಜೊತೆ ಇರುತ್ತಿದ್ದರು.

ಮುಚ್ಚಿಟ್ಟ ದುಃಖ ಎಲ್ಲರಲ್ಲೂ ದುಃಖವಾಗಿಯೇ ಕಾಣುವುದಿಲ್ಲ. ಗಂಡಸಿಗೆ ಊರು ಒಪ್ಪಿಕೊಟ್ಟಿರುವ ಭಾವನೆ ಒಂದೇ, ಸಿಟ್ಟು. ಆದ್ದರಿಂದ ಸಾಲದ ಭಯ ಸಿಟ್ಟಾಗುತ್ತದೆ, ಮಗನ ಮೇಲಿನ ಚಿಂತೆ ಸಿಟ್ಟಾಗುತ್ತದೆ, ಅಪ್ಪನ ಸಾವು ಸಿಟ್ಟಾಗುತ್ತದೆ. ಅದರ ಪೆಟ್ಟು ಬೀಳುವುದು ಹೆಂಡತಿಯ ಮೇಲೆ, ಮಕ್ಕಳ ಮೇಲೆ. ಗಂಡಸು ತನ್ನ ಮನಸ್ಸನ್ನು ನೋಡಿಕೊಳ್ಳುವುದು ಅವನೊಬ್ಬನ ಕ್ಷೇಮದ ವಿಷಯವಾಗಿ ಉಳಿಯದು, ಮನೆಯ ಹೆಂಗಸರ ಕ್ಷೇಮದ ವಿಷಯವೂ ಹೌದು.

*ನನ್ನ ವಿಷಯ*

ಇದನ್ನೆಲ್ಲ ಬರೀ ಓದಿ ಹೇಳುತ್ತಿಲ್ಲ. ವೃತ್ತದ ಹಿರಿಯರಲ್ಲಿ ಕೆಲವರಿಗೆ ಗೊತ್ತು, ಇವತ್ತು ಎಲ್ಲರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

2021ರ ಮೇ ತಿಂಗಳು. ತಿಂಗಳ ಮೊದಲಲ್ಲೇ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಜನ ತೀರಿಕೊಂಡಿದ್ದರು. ಇಡೀ ಜಿಲ್ಲೆಯೇ ಸಾವಿನ ಮನೆಯಾಗಿತ್ತು. ಅದೇ ತಿಂಗಳ ಕೊನೆಗೆ ಬೇರೆ ಊರಿನಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಅಲ್ಲಿಯೇ ಕೋವಿಡ್‌ನಿಂದ ಹೋದ. ಮುಖ ನೋಡಲಾಗಲಿಲ್ಲ. ನನ್ನನ್ನು ಓದಿಸಿದವನು ಅವನು. ನಾನು ಅಳಲಿಲ್ಲ. ಅತ್ತಿಗೆಯ ಪಿಂಚಣಿ ಕಾಗದ, ಮಕ್ಕಳ ಕಾಲೇಜು, ಅವ್ವನ ಔಷಧಿ ಎಲ್ಲ ನೋಡಿಕೊಂಡೆ. "ಮೇಷ್ಟ್ರು ಗಟ್ಟಿ ಮನುಷ್ಯ" ಎಂದರು ಜನ.

ಶಾಲೆ ತೆರೆದ ಮೇಲೆ ಒಂದು ತೊಂದರೆ ಶುರುವಾಯಿತು. ಎಂಟನೆಯ ತರಗತಿಯಲ್ಲಿ ಅಣ್ಣನ ಹೆಸರಿನ ಹುಡುಗನೊಬ್ಬನಿದ್ದ. ಹಾಜರಿ ಕರೆಯುವಾಗ ಆ ಹೆಸರು ಬಂದರೆ ಗಂಟಲು ಕಟ್ಟುತ್ತಿತ್ತು. ಅವನೊಬ್ಬನನ್ನು ಮಾತ್ರ ಕ್ರಮಸಂಖ್ಯೆಯಿಂದ ಕರೆಯತೊಡಗಿದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ರುಚಿಸುತ್ತಿರಲಿಲ್ಲ. ಧ್ಯಾನಕ್ಕೆ ಕೂತರೆ ಉಸಿರಿನ ಬದಲು ಆಂಬುಲೆನ್ಸ್ ಸದ್ದು ಕೇಳುತ್ತಿತ್ತು. ಹೀಗೆ ಏಳೆಂಟು ತಿಂಗಳು.

ನನ್ನ ತಂಗಿ ಆಶಾ ಕಾರ್ಯಕರ್ತೆ. ಒಂದು ದಿನ ಬಂದವಳು ನನ್ನ ಮುಖ ನೋಡಿ ಕೇಳಿದಳು: "ಚಿಕ್ಕಣ್ಣ, ನಿಂಗ ಸುಗರ್ ಬಂದಿದ್ರ ಮಾತ್ರೆ ತಿಂತಿರ್ಲಿಲ್ವಾ? ನಾಳಿದ್ದು ರಜಾ ಹಾಕು. ನಾನೂ ಬತ್ತೀನಿ." ಹೋಗು ಎಂದಷ್ಟೇ ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ. ಬರುತ್ತೇನೆ ಎಂದಳು, ಅದಕ್ಕೆ ಹೋದೆ.

ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ, ಸಾಯುವ ಯೋಚನೆ ಬರುತ್ತದೆಯೇ, ಕುಡಿತ ಇದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಆಪ್ತಸಮಾಲೋಚಕರ ಕೊಠಡಿಗೆ ಕಳಿಸಿದರು. ಅಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಅಣ್ಣ ಹೇಗಿದ್ರು?" ಅವನು ಹೇಗೆ ಸತ್ತ ಎಂದು ನೂರು ಜನ ಕೇಳಿದ್ದರು. ಹೇಗಿದ್ದ ಎಂದು ಯಾರೂ ಕೇಳಿರಲಿಲ್ಲ. ಹೇಳುತ್ತಾ ಹೋದೆ. ಅತ್ತೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಆರು ಸಲ ಹೋದೆ, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ನಿದ್ದೆ ಮರಳಿತು. ದುಃಖ ಹೋಯಿತೇ? ಇಲ್ಲ. ಅಣ್ಣ ಇಲ್ಲ ಎಂಬುದು ಹಾಗೆಯೇ ಇದೆ. ಆದರೆ ಅದೇ ಹುಡುಗ ಒಂಬತ್ತನೆಯ ತರಗತಿಗೆ ಬಂದಾಗ ಅವನ ಹೆಸರನ್ನು ಪೂರ್ತಿಯಾಗಿ ಕರೆದೆ. "ಹಾಜರ್ ಸಾರ್" ಎಂದ.

*ನಾವು ಒಡ್ಡುವ ನಾಲ್ಕು ಆಕ್ಷೇಪಗಳು*

ಒಂದು: _ಹುಚ್ಚಾಸ್ಪತ್ರೆಗೆ ಹೋದ ಎಂದು ಜನ ಆಡಿಕೊಳ್ಳುತ್ತಾರೆ._ ಅಂಗುತ್ತರ ನಿಕಾಯದಲ್ಲೇ ರೋಗ ಸುತ್ತ ಎಂದೊಂದಿದೆ. ರೋಗ ಎರಡು ಬಗೆ, ಕಾಯದ್ದು ಮತ್ತು ಮನಸ್ಸಿನದ್ದು ಎನ್ನುತ್ತಾರೆ ಭಗವಾನರು. ಮೈಯ ರೋಗವಿಲ್ಲದೆ ಐವತ್ತು ವರ್ಷ, ನೂರು ವರ್ಷ ಇದ್ದೇನೆ ಎನ್ನುವವರು ಸಿಗಬಹುದು. ಮನಸ್ಸಿನ ರೋಗವಿಲ್ಲದೆ ಒಂದು ಕ್ಷಣ ಇದ್ದೇನೆ ಎನ್ನಬಲ್ಲವರು ಅರಹಂತರನ್ನು ಬಿಟ್ಟರೆ ಸಿಗುವುದು ಕಷ್ಟ. ಬುದ್ಧರು ಹೇಳಿದ ಮನೋರೋಗ ಲೋಭ, ದ್ವೇಷ, ಮೋಹಗಳದ್ದು, ಇಂದಿನ ವೈದ್ಯರು ಹೇಳುವ ಖಿನ್ನತೆ ಬೇರೆ, ಎಂದು ಯಾರಾದರೂ ತಿದ್ದಬಹುದು. ತಿದ್ದಲಿ. ಮನಸ್ಸಿಗೂ ರೋಗ ಬರುತ್ತದೆ, ಅದು ಎಲ್ಲರಿಗೂ ಬರುತ್ತದೆ, ಅದರಲ್ಲಿ ನಾಚಿಕೆ ಇಲ್ಲ ಎಂಬ ಮಾತಂತೂ ಅಲ್ಲಿದೆ.

ಎರಡು: _ನಮಗೆ ವಿಪಶ್ಶನ ಇದೆ, ಡಾಕ್ಟರ್ ಯಾಕೆ?_ ಹತ್ತು ದಿನದ ವಿಪಶ್ಶನ ಶಿಬಿರಗಳ ಅರ್ಜಿಯಲ್ಲೇ ಮಾನಸಿಕ ಕಾಯಿಲೆಯ ಬಗ್ಗೆ ಕೇಳುತ್ತಾರೆ, ತೀವ್ರ ಕಾಯಿಲೆ ಇರುವವರು ಶಿಬಿರಕ್ಕೆ ಬರುವುದು ಬೇಡ ಎನ್ನುತ್ತಾರೆ. ಧ್ಯಾನ ಕಲಿಸುವವರಿಗೇ ಆ ವ್ಯತ್ಯಾಸ ಗೊತ್ತು. ಭಗವಾನರಿಗೆ ಮೈ ಸರಿಯಿಲ್ಲದಾಗ ಜೀವಕ ವೈದ್ಯ ಔಷಧಿ ಕೊಟ್ಟ, ಅವರು ತೆಗೆದುಕೊಂಡರು. ಧ್ಯಾನ ಮಾಡಿ, ಬಿಡಬೇಡಿ. ಕಾಲಿಗೆ ಮುಳ್ಳು ಚುಚ್ಚಿರುವಾಗ ಚಂಕಮಣ ಮಾಡಿದರೆ ಮುಳ್ಳು ಇನ್ನೂ ಒಳಗೆ ಹೋಗುತ್ತದೆ. ಮೊದಲು ಮುಳ್ಳು ತೆಗೆಸಿ.

ಮೂರು: _ನಮ್ಮ ದುಃಖ ಸಾಮಾಜಿಕವಾದದ್ದು, ಮಾತ್ರೆ ತಿಂದರೆ ಜಾತಿ ಹೋಗುತ್ತದೆಯೇ?_ ಇದು ನಾಲ್ಕರಲ್ಲಿ ಗಟ್ಟಿಯಾದ ಪ್ರಶ್ನೆ. ಹೋಗುವುದಿಲ್ಲ. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ಸಾಲ ವಸೂಲಿಯವರಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಓದಿದೆವು. ಅವರ ಭಯಕ್ಕೆ ಬೇಕಾಗಿದ್ದದ್ದು ಕಾನೂನು, ಸರ್ಕಾರ ಸುಗ್ರೀವಾಜ್ಞೆ ತಂದಿತು. ಆದರೆ ಕಾನೂನು ಬಂದ ಮೇಲೂ ಗೇಟಿನ ಸದ್ದಿಗೆ ಬೆಚ್ಚಿಬೀಳುವವನ ಎದೆಬಡಿತಕ್ಕೆ ಏನು ಮಾಡುವುದು? ಸಲ್ಲತ್ಥ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಮಾತು ಹೇಳುತ್ತಾರೆ. ಮೊದಲ ಬಾಣ ಬಂದು ತಾಗುವ ನೋವು, ಎರಡನೆಯದು ಆ ನೋವಿನ ಮೇಲೆ ನಾವೇ ಹೊಡೆದುಕೊಳ್ಳುವ ನೋವು. ಜಾತಿ, ಸಾಲ, ಸಾವು ಇವೆಲ್ಲ ಮೊದಲ ಬಾಣ. ಗಂಡಸಾಗಿ ನನಗೆ ಹೀಗಾಗಬಾರದಿತ್ತು, ಯಾರಿಗೂ ಗೊತ್ತಾಗಬಾರದು ಎಂಬ ನಾಚಿಕೆ ಎರಡನೆಯ ಬಾಣ. ಮೊದಲ ಬಾಣ ಬಿಡುವವರ ವಿರುದ್ಧ ಸಂಘಟಿತರಾಗೋಣ. ಅದಕ್ಕೆ ರಾತ್ರಿ ನಿದ್ದೆ ಬರುವ ಮನುಷ್ಯರು ಬೇಕು.

ನಾಲ್ಕು: _ನಾವು ಭೀಮನ ಹುಲಿಗಳು, ಹುಲಿ ಡಾಕ್ಟರ್ ಹತ್ತಿರ ಹೋಗಿ ಅಳುತ್ತದಾ?_ ಒಬ್ಬ ಯುವಕ ನಿಜವಾಗಿಯೂ ಹೀಗೆ ಕೇಳಿದ. ನಾವು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಜಿಲ್ಲೆಯವರು, ಹುಲಿಯ ವಿಷಯ ನಮಗೆ ಚೆನ್ನಾಗಿ ಗೊತ್ತು. ಗಾಯಗೊಂಡ ಹುಲಿ ಸಿಕ್ಕರೆ ಅರಣ್ಯ ಇಲಾಖೆಯವರು ಅದನ್ನು ಮೈಸೂರಿನ ಹತ್ತಿರ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿ ಚಿಕಿತ್ಸೆ ಕೊಡಿಸುತ್ತಾರೆ. ಗಾಯ ಮುಚ್ಚಿಕೊಂಡು ಓಡಾಡುವ ಹುಲಿ ಬೇಟೆಯಾಡಲಾರದೆ ಊರಿನ ದನದ ಮೇಲೆ ಬೀಳುತ್ತದೆ. ತಮ್ಮ, ಹುಲಿಗೂ ಡಾಕ್ಟರ್ ಬೇಕು.

*ಎಲ್ಲಿಗೆ ಹೋಗಬೇಕು, ಏನು ನಡೆಯುತ್ತದೆ*

ಟೆಲಿ ಮನಸ್ ಸಹಾಯವಾಣಿ *14416*. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಆರಂಭವಾಯಿತು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಈ ಸಂದೇಶ ಮುಗಿಸುವುದಕ್ಕೂ ಕಾಯಬೇಡಿ, ಈಗಲೇ ಕರೆ ಮಾಡಿ, ಪಕ್ಕದಲ್ಲಿರುವವರಿಗೆ ಹೇಳಿ.

ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬಂದು ನೋಡುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ, ಗುಂಡ್ಲುಪೇಟೆ ಕಡೆಯವರು ಅಲ್ಲಿ ವಿಚಾರಿಸಿ. ಹಳ್ಳಿಯವನಿಗೆ ಮನಸ್ಸಿನ ವೈದ್ಯ ಹತ್ತಿರದಲ್ಲೇ ಸಿಗಬೇಕು ಎಂಬ ಪ್ರಯೋಗವನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಅದೇ ಮಾದರಿ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅಂದರೆ ಇದು ಶ್ರೀಮಂತರ ಶೋಕಿಯಲ್ಲ, ನಮ್ಮ ತೆರಿಗೆಯ ಹಣದಲ್ಲಿ ನಡೆಯುವ ನಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಹಕ್ಕನ್ನು ಬರೆದಿಟ್ಟಿದೆ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕೆಂದೂ ಹೇಳಿದೆ.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೂರು ದಿನ ತಿಂದು ಏನೂ ಆಗಲಿಲ್ಲ ಎಂದು ಎಸೆಯಬೇಡಿ, ಸರಿಹೋಯಿತು ಎಂದು ನೀವೇ ನಿಲ್ಲಿಸಲೂ ಬೇಡಿ. ಮಾತಿನ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎದುರಿಗೆ ಕೂತವರು ನಿಮ್ಮ ಜಾತಿ ಕೇಳಿ ಮುಖ ತಿರುಗಿಸಿದರೆ, ನಿಮ್ಮ ಅವಮಾನವನ್ನು ಹಗುರ ಮಾಡಿದರೆ, ಎದ್ದು ಬಂದು ಇನ್ನೊಬ್ಬರ ಬಳಿ ಹೋಗಿ. ಒಬ್ಬ ವೈದ್ಯ ಸರಿಯಿಲ್ಲ ಎಂದು ಯಾರೂ ಜ್ವರದ ಔಷಧಿಯನ್ನೇ ಬಿಡುವುದಿಲ್ಲ.

*ಪಿಯಕರಾಗೋಣ*

ನಮ್ಮ ಅಧ್ಯಯನ ವೃತ್ತ ನಾರದರ ಜಾಗದಲ್ಲಿ ಕೂರಲಾರದು. ಚಿಕಿತ್ಸೆ ಕಲಿತವರ ಕೆಲಸ. ಆದರೆ ನಾವೆಲ್ಲರೂ ಪಿಯಕರಾಗಬಹುದು. ಪಿಯಕ ಪಂಡಿತನಲ್ಲ, ಲೆಕ್ಕ ನೋಡುವವನು. ಅವನು ಮಾಡಿದ್ದು ಮೂರೇ ಕೆಲಸ. ತನ್ನ ಮನುಷ್ಯ ಸ್ನಾನ ಬಿಟ್ಟಿದ್ದಾನೆ, ಊಟ ಬಿಟ್ಟಿದ್ದಾನೆ ಎಂಬುದನ್ನು ಕಂಡ. ಯಾರ ಬಳಿ ಹೋಗಬೇಕು ಎಂದು ತಿಳಿದುಕೊಂಡ. ಹೋಗುವ ದಾರಿಯನ್ನು ಸಿದ್ಧ ಮಾಡಿದ.

*ಇಂದಿನ ಅಭ್ಯಾಸ:* ನಿಮಗೆ ಗೊತ್ತಿರುವ ಒಬ್ಬ ಗಂಡಸನ್ನು ಇವತ್ತು ಮಾತಾಡಿಸಿ. ಚೆನ್ನಾಗಿದ್ದೀಯಾ ಎಂದು ಕೇಳಬೇಡಿ, ಚೆನ್ನಾಗಿದ್ದೀನಿ ಎಂದು ಹೇಳಿ ಮುಗಿಸುತ್ತಾನೆ. "ರಾತ್ರಿ ನಿದ್ದೆ ಬರ್ತದಾ?" ಎಂದು ಕೇಳಿ. ಉತ್ತರ ಬರುವವರೆಗೂ ಫೋನ್ ನೋಡದೆ ಕಾಯಿರಿ. ಇಲ್ಲ ಎಂದರೆ ಬುದ್ಧಿ ಹೇಳಲು ಹೋಗಬೇಡಿ. "ನಾನೂ ಬರ್ತೀನಿ, ಹೋಗೋಣ ನಡಿ" ಎನ್ನಿ.

ಈ ಸಂದೇಶ ಓದಿದ ಯಾರಿಗಾದರೂ ಜೊತೆ ಬೇಕಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಗುಂಪಿನಲ್ಲಿ ಹಾಕಬೇಕಿಲ್ಲ. ನಾನು ರಜೆ ಹಾಕಿ ಬರುತ್ತೇನೆ.

ಎಲ್ಲರ ಎದೆಯ ಬಾಣವೂ ಹೊರಬರಲಿ. ಎಲ್ಲರಿಗೂ ಇಂದು ರಾತ್ರಿ ನಿದ್ದೆ ಬರಲಿ.

ಸಾಧು, ಸಾಧು, ಸಾಧು. 🙏

ನಮೋ ಬುದ್ಧಾಯ. ಜೈ ಭೀಮ್.